ಖಂಡಸ್ಫುಟಿತ ಜೀರ್ಣೋದ್ಧಾರ: ಊರ ಚಾವಡಿಗೆ ಸುಣ್ಣ ಬಳಿದ ತರುಣರ ಕಾರ್ಯದಿಂದ ಒಂದು ಪಾಠ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಅಪರಿಚಿತವಲ್ಲ. ಅರಸನೋ ದಂಡನಾಯಕನೋ ಊರ ಗಾವುಂಡನೋ ದೇವಾಲಯಕ್ಕೆ, ಬಸದಿಗೆ, ಮಠಕ್ಕೆ ಭೂಮಿಯನ್ನು ಬಿಟ್ಟುಕೊಟ್ಟಾಗ, ಅದರ ಉತ್ಪನ್ನವು ಯಾವ ಯಾವ ವೆಚ್ಚಕ್ಕೆ ಸಲ್ಲತಕ್ಕದ್ದೆಂಬುದನ್ನು ಶಾಸನಕಾರನು ಎಣಿಸಿ ಹೇಳುತ್ತಾನೆ. ಪೂಜೆ, ನೈವೇದ್ಯ, ಆಹಾರದಾನ, ವಿದ್ಯಾದಾನಗಳ ಸಾಲಿನಲ್ಲಿಯೇ ಈ ಮಾತೂ ಬರುತ್ತದೆ. ಮುರಿದುದು ಖಂಡ, ಬಿರುಕು ಬಿಟ್ಟುದು ಸ್ಫುಟಿತ, ಸವೆದು ಹಳತಾದುದು ಜೀರ್ಣ. ಇವನ್ನು ಮೇಲೆತ್ತಿ ನಿಲ್ಲಿಸುವುದು ಉದ್ಧಾರ. ಕಟ್ಟುವ ದಿನವೇ ಮುರಿಯುವ ದಿನವನ್ನು ನೆನೆದು, ಅದಕ್ಕೂ ಒಂದು ಪಾಲನ್ನು ತೆಗೆದಿರಿಸಿದ ಹಿರಿಯರ ದೂರದೃಷ್ಟಿ ಈ ಸಮಾಸದೊಳಗೆ ಅಡಗಿದೆ.

ಅನೇಕ ಶಾಸನಗಳ ಕೊನೆಯಲ್ಲಿ ಬರುವ ಸಂಸ್ಕೃತ ಶ್ಲೋಕಗಳಲ್ಲಿ ಒಂದು, ದಾನವನ್ನೂ ಪಾಲನವನ್ನೂ ತೂಗಿನೋಡುತ್ತದೆ. ತಾನು ಕೊಡುವುದಕ್ಕಿಂತ ಪರರು ಕೊಟ್ಟುದನ್ನು ಕಾಪಾಡುವುದೇ ಹೆಚ್ಚಿನದೆಂದೂ, ಕೊಟ್ಟವನಿಗೆ ಸ್ವರ್ಗವಾದರೆ ಕಾಪಾಡಿದವನಿಗೆ ಚ್ಯುತಿಯಿಲ್ಲದ ಪದವಿಯೆಂದೂ ಅದರ ತಾತ್ಪರ್ಯ. ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ನಿಲ್ಲುತ್ತದೆ. ಕಾಪಾಡಿದವರ ಹೆಸರು ಎಲ್ಲಿಯೂ ನಿಲ್ಲುವುದಿಲ್ಲ. ಆದುದರಿಂದಲೇ ಇರಬೇಕು, ಅವರಿಗೆ ಹಿರಿಯ ಪದವಿಯನ್ನು ಶ್ಲೋಕವೇ ಕಾದಿರಿಸಿದೆ.

ಈ ತತ್ತ್ವವು ಪುಸ್ತಕದಲ್ಲಿ ಮಾತ್ರವಲ್ಲದೆ ಕೆಲಸದಲ್ಲಿಯೂ ಹೇಗೆ ನಿಲ್ಲುತ್ತದೆಂಬುದನ್ನು ನೋಡುವ ಸಂದರ್ಭವೊಂದು ಕಳೆದ ವರ್ಷ ಒದಗಿತು. ನಮ್ಮ ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿಕೊಂಡಿರುವ ಒಂದು ಗ್ರಾಮದ ತರುಣ ಸಂಘವು ಊರ ಹಳೆಯ ಚಾವಡಿಯನ್ನು ದೀಪಾವಳಿಗೆ ಮುನ್ನ ಅಣಿಗೊಳಿಸಲು ನಿಶ್ಚಯಿಸಿತು. ಸಭೆ, ಮದುವೆಯ ಮಾತುಕತೆ, ಭಜನೆ, ಮಕ್ಕಳ ಸಂಜೆಯ ಓದು ಎಲ್ಲವೂ ನಡೆಯುವ ಸ್ಥಳವದು. ಗೋಡೆಗಳು ಮಣ್ಣು-ಕಲ್ಲಿನವು, ಮೇಲೆ ಮಣ್ಣಿನ ಮಾಳಿಗೆ, ಮುಂದೆ ಕಲ್ಲಿನ ಕಟ್ಟೆ. ಆರು ದಿನಗಳ ಆ ಕಾರ್ಯದಲ್ಲಿ ನಾನೂ ಜೊತೆಗಿದ್ದೆನು. ಅಲ್ಲಿ ಕಂಡುದನ್ನು ಶಾಸನದ ಪದಕ್ರಮದಲ್ಲಿಯೇ ಇಲ್ಲಿ ನಿರೂಪಿಸುತ್ತೇನೆ.

ಸುಣ್ಣ, ಸುಧೆ, ಸೌಧ

ಮೊದಲು ಶಬ್ದವಿಚಾರ. 'ಸುಣ್ಣಬಣ್ಣ' ಎಂದು ನಾವು ಜೋಡಿಸಿ ಆಡುವ ಎರಡು ಪದಗಳೂ ತದ್ಭವಗಳು. ಪುಡಿಯೆಂಬ ಅರ್ಥದ 'ಚೂರ್ಣ'ವು ಸುಣ್ಣವಾಯಿತು, 'ವರ್ಣ'ವು ಬಣ್ಣವಾಯಿತು. ಸಂಸ್ಕೃತದಲ್ಲಿ ಸುಣ್ಣಕ್ಕೆ 'ಸುಧಾ' ಎಂಬ ಹೆಸರೂ ಉಂಟು. ಅಮೃತಕ್ಕೂ ಅದೇ ಹೆಸರು. ಸುಧೆಯನ್ನು ಬಳಿದ ಕಟ್ಟಡವೇ 'ಸೌಧ'ವೆಂದು ವ್ಯಾಖ್ಯಾನಕಾರರು ಬಿಡಿಸುತ್ತಾರೆ. ಬೆಂಗಳೂರಿನಲ್ಲಿ 1956ರಲ್ಲಿ ಪೂರ್ಣಗೊಂಡ ವಿಧಾನಸೌಧವು ಗ್ರಾನೈಟ್ ಶಿಲೆಯದು, ಸುಣ್ಣ ಬಳಿದುದಲ್ಲ. ಆದರೂ ಅದರ ಹೆಸರಿನೊಳಗೆ ಸುಣ್ಣವು ಉಳಿದುಕೊಂಡಿದೆ. ಹೀಗೆ ನೋಡಿದರೆ ಸುಣ್ಣ ಕಂಡ ಹಳ್ಳಿಯ ಚಾವಡಿಯು ಶಬ್ದಾರ್ಥಕ್ಕೆ ಸರಿಯಾಗಿ ಸೌಧವೇ ಸರಿ. ಈ ಮಾತನ್ನು ಕೇಳಿದ ತರುಣರು ನಕ್ಕರು. ಆದರೆ ಮರುದಿನದಿಂದ ಚಾವಡಿಯನ್ನು 'ನಮ್ಮ ಸೌಧ'ವೆಂದೇ ಕರೆಯತೊಡಗಿದರು.

ಖಂಡ

ತರುಣರ ಮೊದಲ ಅಪೇಕ್ಷೆ ಹೊಳೆಯುವ ಎಣ್ಣೆಬಣ್ಣ, ಕಟ್ಟೆಗೆ ಟೈಲ್ಸ್, ಮುಂಗೋಡೆಗೆ ಚಿತ್ರ. ಇದು ವಯಸ್ಸಿನ ಸಹಜ ಉತ್ಸಾಹ. ಊರಿನ ಸದ್ಗೃಹಸ್ಥರೊಬ್ಬರು ಬಣ್ಣದ ಖರ್ಚನ್ನೆಲ್ಲ ತಾವೇ ವಹಿಸುವುದಾಗಿಯೂ, ಮುಂಗೋಡೆಯ ಮೇಲೆ ತಮ್ಮ ತಂದೆಯವರ ಹೆಸರನ್ನು ದೊಡ್ಡದಾಗಿ ಬರೆಯಿಸಬೇಕೆಂದೂ ತಿಳಿಸಿದರು. ಪಿತೃಭಕ್ತಿಯಿಂದ ಬಂದ ಆ ಮಾತನ್ನು ಯಾರೂ ತಳ್ಳಿಹಾಕುವಂತಿರಲಿಲ್ಲ.

ಆದರೆ ಮಾಳಿಗೆಯನ್ನೇರಿ ನೋಡಿದಾಗ ವಿಷಯವು ಬೇರೆಯಾಗಿತ್ತು. ಮಳೆಯ ನೀರು ಹೊರಬೀಳಬೇಕಾದ ಕೊಳವೆಯು ಮಣ್ಣು, ಎಲೆಗಳಿಂದ ಕಟ್ಟಿಕೊಂಡು, ನೀರು ಮೂಲೆಯಲ್ಲಿ ನಿಂತು, ಒಂದು ಜಂತಿಯ ತುದಿ ಕೊಳೆತುಹೋಗಿತ್ತು. ಕೆಳಗಿನ ಗೋಡೆಯ ಕಲೆಗಳಿಗೆಲ್ಲ ಅದೇ ಮೂಲ. ಅಂಥ ಗೋಡೆಗೆ ಎಂಥ ಬೆಲೆಯ ಬಣ್ಣವನ್ನು ಬಳಿದರೂ ಮುಂದಿನ ಮಳೆಗಾಲದಲ್ಲಿ ಅದು ಉದುರುವುದು ಖಂಡಿತ. ಶಾಸನಕಾರನು 'ಖಂಡ'ವನ್ನು ಮೊದಲು ಹೇಳಿದುದು ಕೇವಲ ಪದಲಾಲಿತ್ಯಕ್ಕಲ್ಲ. ಮುರಿದುದನ್ನು ಮೊದಲು ಸರಿಪಡಿಸು ಎಂಬುದೇ ಕೆಲಸದ ಕ್ರಮ. ಇದನ್ನು ಸಭೆಯಲ್ಲಿ ವಿವರಿಸಿ ಹೇಳಿದಾಗ ಆ ಸದ್ಗೃಹಸ್ಥರು ಸ್ವಲ್ಪ ಹೊತ್ತು ಮೌನವಾಗಿದ್ದು, ತಮ್ಮ ಹಣವನ್ನು ಮಾಳಿಗೆಗೇ ವೆಚ್ಚ ಮಾಡಲು ಒಪ್ಪಿದರು. ಬಡಗಿಯಿಂದ ಹೊಸ ಜಂತಿ ಕೂಡಿತು; ಮಾಳಿಗೆಗೆ ಮಣ್ಣು ಬಿದ್ದು ಇಳಿಜಾರು ಸರಿಯಾಯಿತು. ಆ ದಾನವು ಇಂದು ಯಾರ ಕಣ್ಣಿಗೂ ಕಾಣದು. ಮಳೆ ಬಂದಾಗ ಒಳಗೆ ಕುಳಿತ ಮಕ್ಕಳ ಪುಸ್ತಕ ನೆನೆಯದಿರುವುದೇ ಅದರ ಶಿಲಾಲೇಖ.

ಸ್ಫುಟಿತ

ಎರಡನೆಯದು ಬಿರುಕುಗಳ ವಿಚಾರ. ಮಣ್ಣು ಮತ್ತು ಸುಣ್ಣದ ಗಾರೆಯ ಹಳೆಯ ಗೋಡೆಯು ನೆಲದ ತೇವವನ್ನು ಹೀರಿ ಹೊರಗಾಳಿಗೆ ಬಿಟ್ಟುಕೊಡುತ್ತದೆ. ಅದು ಉಸಿರಾಡುವ ಗೋಡೆ. ಅದರ ಮೇಲೆ ಗಟ್ಟಿ ಸಿಮೆಂಟನ್ನೋ ಎಣ್ಣೆಬಣ್ಣವನ್ನೋ ಹಚ್ಚಿದರೆ ತೇವವು ಹೊರಬರುವ ದಾರಿಯನ್ನು ಕಾಣದೆ ಒಳಗೇ ಉಳಿದು, ಹೊರಪದರವನ್ನು ಬೊಬ್ಬೆಯಂತೆ ಎಬ್ಬಿಸುತ್ತದೆ. ಆದುದರಿಂದ ಬಿರುಕನ್ನು ಸುಣ್ಣದ ಗಾರೆಯಿಂದಲೇ ತುಂಬಲಾಯಿತು. ಮೆತ್ತನೆಯ ಗೋಡೆಗೆ ಮೆತ್ತನೆಯ ಮದ್ದು ಎಂಬ ನ್ಯಾಯವನ್ನು ಊರ ಹಿರಿಯ ಗೌಂಡಿಯವರೇ ತರುಣರಿಗೆ ತಿಳಿಸಿಕೊಟ್ಟರು.

ಬಾಗಿಲು ಕಿಟಕಿಗಳ ಮೇಲಿನ ಹಳೆಯ ಬಣ್ಣವನ್ನು ಕೆರೆಯುವಾಗ ಇನ್ನೊಂದು ಎಚ್ಚರ ಅಗತ್ಯ. ಹಿಂದಿನ ಎಣ್ಣೆಬಣ್ಣಗಳಲ್ಲಿ ಸೀಸವು ಬೆರೆತಿರುವ ಸಂಭವವುಂಟು. ಗೃಹಬಳಕೆಯ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂಬ ಭಾರತ ಸರ್ಕಾರದ 2016ರ ನಿಯಮಗಳು 2017ರ ನವೆಂಬರ್ ತಿಂಗಳಿನಿಂದ ಜಾರಿಗೆ ಬಂದವು. ಅದಕ್ಕೂ ಹಿಂದೆ ಬಳಿದ ಬಣ್ಣದ ಬಗೆಗೆ ಭರವಸೆಯಿಲ್ಲ. ಒಣಗಿದ್ದಂತೆಯೇ ಉಜ್ಜಿದರೆ ಧೂಳು ಉಸಿರಿನೊಳಗೆ ಸೇರುತ್ತದೆ. ಎಳೆಯ ಮಕ್ಕಳಿಗೆ ಅದು ವಿಶೇಷವಾಗಿ ಹಾನಿಕರ. ನೀರು ಚಿಮುಕಿಸಿ, ಮೂಗು ಬಾಯಿಗಳನ್ನು ಮುಚ್ಚಿಕೊಂಡು ಕೆರೆಯುವುದು, ಸಣ್ಣ ಮಕ್ಕಳನ್ನು ದೂರವಿರಿಸುವುದು, ಉದುರಿದ ಚೂರನ್ನು ಗುಡಿಸಿ ಹಾರಿಸದೆ ಒದ್ದೆಬಟ್ಟೆಯಿಂದ ಬಳಿದು ತೆಗೆಯುವುದು ಯೋಗ್ಯ.

ಇಷ್ಟೇ ಮುಖ್ಯವಾದುದು ಕಲ್ಲಿನ ವಿಚಾರ. ಹಳೆಯ ಕಟ್ಟಡಗಳ ಕಂಬ, ಹೊಸ್ತಿಲು, ಗೋಡೆಯ ಕಲ್ಲುಗಳಲ್ಲಿ ಅಕ್ಷರಗಳಿದ್ದು ಸುಣ್ಣದ ಪದರಗಳ ಕೆಳಗೆ ಮರೆಯಾದ ಉದಾಹರಣೆಗಳು ನಮ್ಮ ನಾಡಿನಲ್ಲಿವೆ. ಕಲ್ಲಿಗೆ ಬಣ್ಣ ಬಳಿಯುವುದೂ ಉಳಿಯಿಂದ ಕೆತ್ತಿ ತೆಗೆಯುವುದೂ ಸಮಾನ ಅಪರಾಧಗಳು. ಸಂರಕ್ಷಿತ ಸ್ಮಾರಕವಾದರಂತೂ 1958ರ ಕೇಂದ್ರ ಶಾಸನ, 1961ರ ನಮ್ಮ ರಾಜ್ಯದ ಶಾಸನಗಳ ಪ್ರಕಾರ ಅನುಮತಿಯಿಲ್ಲದೆ ಕೈಹಚ್ಚುವಂತಿಲ್ಲ.

ಟೈಲ್ಸ್ ಹಾಕಬೇಕೆಂದಿದ್ದ ಕಟ್ಟೆಯ ಒಂದು ಹಾಸುಗಲ್ಲನ್ನು ತೊಳೆದಾಗ ಗೆರೆಗಳು ಕಂಡವು. ಶಾಸನವೇ ದೊರೆಯಿತೆಂದು ತರುಣರು ನನ್ನನ್ನು ಕೂಗಿ ಕರೆದರು. ನೋಡಿದರೆ ಅಕ್ಷರಗಳಲ್ಲ, ಆಡು-ಹುಲಿ ಆಟದ ಮನೆ! ಅವರ ಮುಖ ಬಾಡಿತು. ಅಷ್ಟರಲ್ಲಿ ಕೋಲೂರಿಕೊಂಡು ಬಂದ ಹಿರಿಯರೊಬ್ಬರು ಆ ಕಲ್ಲಿನ ಬಳಿ ಕುಳಿತು, ಯಾವ ಮೂಲೆಯಲ್ಲಿ ಹುಲಿಯನ್ನು ನಿಲ್ಲಿಸುತ್ತಿದ್ದೆವೆಂದು ಹರಳುಗಳನ್ನಿಟ್ಟು ತೋರಿಸಿದರು. ಸಂಜೆಯ ಹೊತ್ತಿಗೆ ಹತ್ತು ಹುಡುಗರು ಸುತ್ತ ಕುಳಿತಿದ್ದರು. ಟೈಲ್ಸಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಜೀರ್ಣ

ಮೂರನೆಯದಾಗಿ ಸುಣ್ಣದ ವಿಧಾನ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಸೇರಿದೊಡನೆ ಅದು ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ, ಕಳೆದುಕೊಂಡ ಆ ಅನಿಲವನ್ನು ಗಾಳಿಯಿಂದ ಮರಳಿ ಪಡೆದು ಮತ್ತೆ ಕಲ್ಲಾಗುತ್ತದೆ. ಕಲ್ಲು ಪುಡಿಯಾಗಿ, ಪುಡಿ ಹಾಲಾಗಿ, ಹಾಲು ಮರಳಿ ಕಲ್ಲಾಗುವ ಈ ಚಕ್ರವನ್ನು ವಿಜ್ಞಾನದ ಅಧ್ಯಾಪಕರು ಗೋಡೆಯ ಮುಂದೆಯೇ ಪಾಠಮಾಡಬಹುದು.

ಕೇಂದ್ರ ಲೋಕೋಪಯೋಗಿ ಇಲಾಖೆಯ ಕ್ರಮದಂತೆ 1 ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು 5 ಲೀಟರ್ ನೀರು. 24 ಗಂಟೆ ನೆನೆಯಬಿಟ್ಟು ಒರಟು ಬಟ್ಟೆಯಲ್ಲಿ ಸೋಸಬೇಕು. 10 ಲೀಟರ್ ಸುಣ್ಣದ ಹಾಲಿಗೆ 40 ಗ್ರಾಂ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಸೇರಿಸಬೇಕು. ಕುಂಚವನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ, ಮತ್ತೆ ಕೆಳಗಿನಿಂದ ಮೇಲಕ್ಕೆ, ಆಮೇಲೆ ಅಡ್ಡವಾಗಿ ಎಡಬಲಕ್ಕೆ ಆಡಿಸಬೇಕು. ಒಂದು ಬಳಿತ ಒಣಗಿದ ಮೇಲೆಯೇ ಇನ್ನೊಂದು. ಸುಣ್ಣವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕಲ್ಲದೆ ಸುಣ್ಣದ ರಾಶಿಯ ಮೇಲೆ ನೀರನ್ನು ಸುರಿಯಬಾರದು. ಸಿಡಿದ ಒಂದು ಹನಿ ಕಣ್ಣನ್ನು ಕೆಡಿಸಬಲ್ಲುದು. ಕನ್ನಡಕ, ಕೈಚೀಲಗಳಿಲ್ಲದೆ ಯಾರನ್ನೂ ಪೀಪಾಯಿಯ ಹತ್ತಿರ ಬಿಡಕೂಡದು. ಈ ನಿಯಮವನ್ನು ಸಂಘದ ತರುಣರು ಕಟ್ಟುನಿಟ್ಟಾಗಿ ಪಾಲಿಸಿದರು.

ಉದ್ಧಾರ

ಗೋಡೆಗಳು ಬೆಳ್ಳಗಾದ ಮೇಲೆ ಉಳಿದುದು ಕಾರಣೆ. ಸಾರಣೆಯೆಂದರೆ ನೆಲ ಸಾರಿಸುವುದು. ಕಾರಣೆಯೆಂದರೆ ಬಿಳಿಯ ಗೋಡೆಯ ಅಂಚಿಗೆ ಕೆಮ್ಮಣ್ಣಿನ ಗೆರೆಗಳನ್ನೆಳೆಯುವುದು. 'ಕೆಚ್ಚನೆಯ ಮಣ್ಣು ಕೆಮ್ಮಣ್ಣು' ಎಂದು ವಿಗ್ರಹವಾಕ್ಯ ಹೇಳಬಲ್ಲ ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬನಿಗಾದರೂ ನೆಟ್ಟನೆಯ ಗೆರೆ ಬಾರದು. ಕೆಮ್ಮಣ್ಣಿನ ಬುಟ್ಟಿಯನ್ನು ತಂದುಕೊಟ್ಟ ವೃದ್ಧೆಯೊಬ್ಬರು ಮೆಟ್ಟಿಲ ಕೆಳಗೇ ನಿಂತು ನೋಡುತ್ತಿದ್ದರು. ಅವರು ಊರಂಚಿನ ಕೇರಿಯವರು. ಆ ಮೆಟ್ಟಿಲನ್ನು ಅವರು ಎಂದೂ ಏರಿದವರಲ್ಲವೆಂಬುದು ಅಲ್ಲಿದ್ದ ಹಿರಿಯರಿಗೆಲ್ಲ ಗೊತ್ತಿತ್ತು.

"ಯವ್ವಾ, ಒಳಗ ಬಾ. ಗೆರಿ ನಮಗ ಬರೂದಿಲ್ಲ" ಎಂದನು ಒಬ್ಬ ತರುಣ.

"ಒಳಗ ಬರಲೇನಪಾ?"

"ನೀ ಬರದಿದ್ರ ಕಾರಣಿ ಯಾರು ಎಳೀಬೇಕು?"

ಅವರು ಒಮ್ಮೆ ಹಿರಿಯರ ಕಡೆಗೆ ನೋಡಿದರು. ಯಾರೂ ಮಾತನಾಡಲಿಲ್ಲ. ಬಳಿಕ ಆಡು-ಹುಲಿಯ ಆಟವನ್ನು ತೋರಿಸಿಕೊಟ್ಟಿದ್ದ ಆ ವೃದ್ಧರೇ "ಬಾರವ್ವ ತಂಗಿ" ಎಂದರು. ಆಕೆ ಬಂದು, ಬಟ್ಟೆಯ ತುಂಡನ್ನು ಕೆಮ್ಮಣ್ಣಿನಲ್ಲಿ ಅದ್ದಿ, ನೂಲು ಹಿಡಿಯದೆ ನಾಲ್ಕು ಗೋಡೆಗೂ ಗೆರೆ ಎಳೆದರು. ಮಧ್ಯಾಹ್ನದ ಊಟಕ್ಕೆ ಎಲ್ಲರೊಡನೆ ಒಂದೇ ಸಾಲಿನಲ್ಲಿ ಕುಳಿತರು.

ಅಸ್ಪೃಶ್ಯತೆಯನ್ನು ಸಂವಿಧಾನದ 17ನೆಯ ಅನುಚ್ಛೇದವು ರದ್ದುಗೊಳಿಸಿದುದು 1950ರಲ್ಲಿ. ಕಾನೂನು ಬಾಗಿಲನ್ನು ತೆರೆಯಬಲ್ಲುದು. ಒಳಗೆ ಬಾ ಎಂದು ಕರೆಯುವ ಬಾಯಿ ಮಾತ್ರ ಊರಿನದೇ ಆಗಬೇಕು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಸೊನ್ನಲಿಗೆಗೆ ಬಂದು, ಕೆರೆ ಕಟ್ಟಿಸುವುದರಲ್ಲಿ ತೊಡಗಿದ್ದ ಸಿದ್ಧರಾಮನಿಗೆ ಹೊರಗಿನ ನಿರ್ಮಾಣದ ಜೊತೆಗೆ ಒಳಗಿನ ಅರಿವನ್ನೂ ಕೇಳಿದ ಪ್ರಸಂಗವಿದೆ. ಗೋಡೆಯನ್ನು ಬೆಳ್ಳಗೆ ಮಾಡಿ ಮೆಟ್ಟಿಲ ಕೆಳಗೆ ನಿಂತವರನ್ನು ಅಲ್ಲಿಯೇ ಬಿಟ್ಟಿದ್ದರೆ ಆ ಪ್ರಶ್ನೆಯು ಚಾವಡಿಯ ತರುಣರಿಗೂ ಸಲ್ಲುತ್ತಿತ್ತು. ಉದ್ಧಾರವೆಂದರೆ ಮೇಲೆತ್ತುವುದು, ಕಟ್ಟಡವನ್ನು ಮಾತ್ರವಲ್ಲ.

ಉಪಸಂಹಾರ

ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆಯು ಆರಂಭವಾಯಿತು. 'ನಾನಲ್ಲ, ನೀನು' ಎಂಬುದು ಅದರ ಧ್ಯೇಯ. ವರ್ಷಕ್ಕೆ 120 ಗಂಟೆಗಳ ಸೇವೆ, 7 ದಿನಗಳ ವಿಶೇಷ ಶಿಬಿರ ಅದರ ಕ್ರಮ. ಗಂಟೆಗಳ ಲೆಕ್ಕವು ಪುಸ್ತಕಕ್ಕೆ ಬೇಕು. ಆದರೆ ಏನನ್ನು ಕೆಡಹಬಾರದು, ಯಾರನ್ನು ಕೇಳಬೇಕು, ಯಾವುದನ್ನು ಮೊದಲು ಮಾಡಬೇಕು ಎಂಬ ವಿವೇಕವನ್ನು ಕಲಿಸಲು ಅಧ್ಯಾಪಕರು ಜೊತೆಗಿರಬೇಕು.

ಪೂಜ್ಯ ಗುರುವೃಂದದವರಲ್ಲಿ ನನ್ನ ಬಿನ್ನಹವಿಷ್ಟು: ತರಗತಿಯ ಸಂಧಿ-ಸಮಾಸಗಳನ್ನು ವರ್ಷಕ್ಕೊಮ್ಮೆಯಾದರೂ ಗೋಡೆಯ ಬಳಿಗೆ ಕರೆದೊಯ್ಯಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ಕೋರಿಕೆ: ನಿಮ್ಮ ಊರಿನ ಚಾವಡಿಯ ಮಾಳಿಗೆಯನ್ನು ಮಳೆಗಾಲಕ್ಕೆ ಮುನ್ನ ಒಮ್ಮೆ ಏರಿ ನೋಡಿರಿ. ಧರ್ಮಪ್ರಾಣರಾದ ದಾನಿಗಳಲ್ಲಿ ವಿಜ್ಞಾಪನೆ: ಹೊಸದನ್ನು ಕಟ್ಟಿಸುವಾಗ ಹಳೆಯದರ ಖಂಡಸ್ಫುಟಿತಕ್ಕೂ ಒಂದು ಪಾಲನ್ನು ತೆಗೆದಿರಿಸಿರಿ. ಗೋಡೆಯ ಮೇಲೆ ಹೆಸರಿಲ್ಲದ ಆ ದಾನಕ್ಕೆ ನಮ್ಮ ಶಾಸನಗಳು ಕೊಟ್ಟ ಪದವಿಯು ಎಲ್ಲಕ್ಕಿಂತ ಹಿರಿದು.