ಲೇತಿನ ಹತ್ತಿರ ಬಂದ ಐಎಸ್‌ಒ

ಧಾರವಾಡದ ಲಕಮನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಾನು ಕ್ವಾಲಿಟಿ ನೋಡಿಕೊಳ್ಳುತ್ತಿದ್ದ ಸಣ್ಣ ವರ್ಕ್‌ಶಾಪ್ ಐಎಸ್‌ಒ 9001 ಮಾಡಿಸಿದ್ದು ಗುಣಮಟ್ಟದ ಮೇಲಿನ ಪ್ರೀತಿಯಿಂದೇನಲ್ಲ. ಮಾಲು ಕೊಳ್ಳುವ ಕಂಪನಿ ಸರ್ಟಿಫಿಕೇಟ್ ಕೇಳಿತು, ಮಾಡಿಸಿದೆವು. ಬ್ರಿಟನ್ನಿನ ಬಿಎಸ್ 5750 ಆಧರಿಸಿ 1987ರಲ್ಲಿ ಹೊರಬಂದ ಈ ಮಾನದಂಡ ಜಗತ್ತಿನ ತುಂಬ ಹಬ್ಬಿದ್ದೂ ಬಹುಮಟ್ಟಿಗೆ ಹೀಗೇ: ದೊಡ್ಡವರು ತಮಗೆ ಮಾಲು ಕೊಡುವವರನ್ನು ಕೇಳಿದರು, ಅವರು ತಮಗೆ ಕೊಡುವವರನ್ನು. ಇವತ್ತು ಹತ್ತು ಲಕ್ಷಕ್ಕೂ ಹೆಚ್ಚು ಪ್ರಮಾಣಪತ್ರಗಳಿವೆ. ನಮ್ಮ ಕೇಂದ್ರ ಸರಕಾರವೂ ಸಣ್ಣ ಉದ್ದಿಮೆಗಳಿಗೆ ಖರ್ಚಿನ ಶೇ. 75ರಷ್ಟನ್ನು, 75,000 ರೂಪಾಯಿ ಮಿತಿಯೊಳಗೆ, ಮರಳಿಸುವ ಯೋಜನೆ ತಂದಿತ್ತು.

ಕನ್ಸಲ್ಟಂಟ್ ತಂದುಕೊಟ್ಟ ದಪ್ಪ ಮ್ಯಾನ್ಯುಯಲ್‌ನಲ್ಲಿ ನಮಗಿಲ್ಲದ ರಫ್ತು ವಿಭಾಗವೂ ಇತ್ತು! ಆಡಿಟರ್ ಅದನ್ನು ಹೆಚ್ಚು ತಿರುವಿ ಹಾಕಲಿಲ್ಲ. ನೆಟ್ಟಗೆ ಲೇತಿನ ಹತ್ತಿರ ಹೋಗಿ, ಎಣ್ಣೆ ಕುಡಿದು ಕಂದಾದ ಡ್ರಾಯಿಂಗ್ ಎತ್ತಿಕೊಂಡು, ‘ಇದು ಎಷ್ಟನೇ ರಿವಿಜನ್?’ ಎಂದರು.

‘ಡ್ರಾಯಿಂಗ್ ಯಾಕ ನೋಡೂದ್ರಿ ಸಾಹೇಬ್ರ, ಈ ಪಿನ್ನು ಕೈಗೇ ಗೊತ್ತೈತ್ರಿ’ ಎಂದ ನಮ್ಮ ಟರ್ನರ್.

ಕೈಗೆ ಗೊತ್ತಿದ್ದದ್ದು ಹಳೆಯ ಅಳತೆ. 25 ಮಿ.ಮೀ. ವ್ಯಾಸಕ್ಕೆ 0.05 ಹೆಚ್ಚುಕಡಿಮೆ ನಡೆಯುತ್ತಿದ್ದದ್ದನ್ನು ಗ್ರಾಹಕರು 0.02ಕ್ಕೆ ಇಳಿಸಿದ್ದರು, ಹೊಸ ಡ್ರಾಯಿಂಗ್ ಆಫೀಸಿನ ಫೈಲಿನಲ್ಲೇ ಕೂತಿತ್ತು. ಪಿನ್ನುಗಳು ರಿಜೆಕ್ಟ್ ಆಗಿ ಬಂದಾಗಲೆಲ್ಲ ಬೈಸಿಕೊಳ್ಳುತ್ತಿದ್ದವನು ಮಾತ್ರ ಟರ್ನರ್. ಅವತ್ತಿನಿಂದ ಹೊಸ ಹಾಳೆ ಬಂದರೆ ಹಳೆಯದನ್ನು ಕಿತ್ತು, ಹೊಸದರ ಮೇಲೆ ಅವನ ಸಹಿ ಹಾಕಿಸುವ ರೂಢಿ ಬಂತು. ಇಡೀ ಐಎಸ್‌ಒದಲ್ಲಿ ನಮಗೆ ನಿಜವಾಗಿ ದಕ್ಕಿದ್ದು ಇದು, ಮತ್ತೆ ಮೈಕ್ರೋಮೀಟರುಗಳ ಕ್ಯಾಲಿಬ್ರೇಶನ್.

ಉಳಿದದ್ದರಲ್ಲಿ ಕಾಗದವೇ ಜಾಸ್ತಿ. ಆಡಿಟ್ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ತಿಂಗಳುಗಟ್ಟಲೆಯ ರಿಜಿಸ್ಟರ್ ತುಂಬುವವರನ್ನು ಎಷ್ಟೋ ಕಡೆ ಕಂಡಿದ್ದೇನೆ. 2015ರ ಪರಿಷ್ಕರಣೆಯಲ್ಲಿ ಮ್ಯಾನ್ಯುಯಲ್ ಕಡ್ಡಾಯವಲ್ಲ ಎಂದಾಯಿತು. ಆದರೂ ಬೈಂಡ್ ಮಾಡಿಸಿ ಇಡದಿದ್ದರೆ ಕೆಲವು ಮಾಲೀಕರಿಗೆ ಸಮಾಧಾನವಿಲ್ಲ.

ಹೊಸದಾಗಿ ಮಾಡಿಸುವವರಿಗೆ ಒಂದು ಮಾತು. ಜಿನೀವಾದ ಐಎಸ್‌ಒ ತಾನಾಗಿ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ, ಕೊಡುವವರು ಬೇರೆ ಸಂಸ್ಥೆಗಳು. ಅವರಿಗೆ ಎನ್‌ಎಬಿಸಿಬಿಯಂಥ ಮಂಡಳಿಯ ಮಾನ್ಯತೆ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಫೀ ಕಡಿಮೆಯೆಂದು, ಯಾರೂ ಬಂದು ನೋಡದೆ ಕಳಿಸಿದ ಪತ್ರ ತಂದರೆ, ಖರೀದಿ ವಿಭಾಗದವರು ಅದರ ಮೇಲಿನ ಮುದ್ರೆ ನೋಡಿಯೇ ವಾಪಸ್ ಕೊಡುತ್ತಾರೆ. ಆಮೇಲೆ ಎರಡನೇ ಸಲ ದುಡ್ಡು ಕಟ್ಟಬೇಕು.