ಸಂಪರ್ಕದೊಂದಿಗೆ ಬಂದ ರೂಟರ್ ಸಾಕೆ, ಹೊಸದನ್ನು ಕೊಳ್ಳಬೇಕೆ?

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಲೇಖನ)



ಇ-ಸ್ವತ್ತು, ಪಂಚತಂತ್ರ, ಇ-ಗ್ರಾಮ್ ಸ್ವರಾಜ್, ಬಾಪೂಜಿ ಸೇವಾ ಕೇಂದ್ರ, ಇವುಗಳಲ್ಲಿ ಯಾವುದೂ ಇಂದು ಅಂತರ್ಜಾಲ ಸಂಪರ್ಕವಿಲ್ಲದೆ ನಡೆಯದು. ಗ್ರಾಮಗಳ ಮನೆಗಳಲ್ಲಿಯೂ ಮಕ್ಕಳ ವ್ಯಾಸಂಗ ಮತ್ತು ಅರ್ಜಿ ಸಲ್ಲಿಕೆ ವೈಫೈ ಮೂಲಕವೇ ಆಗುತ್ತಿವೆ. ಆದುದರಿಂದ ‘ವೈಫೈ ನಿಧಾನವಾಗಿದೆ, ಹೊಸ ರೂಟರ್ ಖರೀದಿಸೋಣ’ ಎಂಬ ಬೇಡಿಕೆಯು ಸಾಮಾನ್ಯ ಸಭೆಯ ಮುಂದೆ ಬರುವುದು ಸಹಜ. ಸಾರ್ವಜನಿಕ ಹಣವನ್ನು ವೆಚ್ಚ ಮಾಡುವ ಮೊದಲು ಸದಸ್ಯರು ಏನನ್ನು ಪರಿಶೀಲಿಸಬೇಕೆಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ. ಇದೇ ಕ್ರಮವು ಮನೆಯ ಸಂಪರ್ಕಕ್ಕೂ ಅನ್ವಯಿಸುತ್ತದೆ.

1. ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ನಾನು ಮದ್ದೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಕಾರ್ಯನಿರ್ವಹಿಸುತ್ತಿದ್ದಾಗ ಕಚೇರಿಯ ವೈಫೈ ಪದೇ ಪದೇ ನಿಂತುಹೋಗುತ್ತಿತ್ತು. ಇಂಜಿನಿಯರಿಂಗ್ ಓದಿದವನೆಂಬ ಭರವಸೆಯಿಂದ, ಪರೀಕ್ಷೆಯೊಂದನ್ನೂ ಮಾಡದೆ, ನಾಲ್ಕು ಆಂಟೆನಾಗಳುಳ್ಳ ಹೊಸ ರೂಟರ್ ಖರೀದಿಗೆ ಟಿಪ್ಪಣಿ ಮಂಡಿಸಿದೆ. ಸಭೆ ಒಪ್ಪಿತು, ರೂಟರ್ ಬಂದಿತು, ತೊಂದರೆ ಮಾತ್ರ ಹಾಗೆಯೇ ಉಳಿಯಿತು. ಅದೇ ವಾರ ಒಬ್ಬ ವೃದ್ಧೆ ನಮೂನೆ 9 ಮತ್ತು 11ಎ ಪ್ರತಿಗಾಗಿ ಮೂರು ದಿನ ಕಬ್ಬಿನ ಗದ್ದೆಯ ಕೂಲಿ ಬಿಟ್ಟು ಬಂದು, ಬರಿಗೈಯಲ್ಲಿ ಹಿಂದಿರುಗಿದರು. ಕೊನೆಗೆ ನಮ್ಮ ಡಾಟಾ ಎಂಟ್ರಿ ಆಪರೇಟರ್ ಬೀರುವನ್ನು ಸರಿಸಿ ನೋಡಿದಾಗ, ಅದರ ಹಿಂದೆ ಫೈಬರ್ ತಂತಿಯು ಚೂಪಾಗಿ ಮಡಚಿಕೊಂಡಿರುವುದು ಕಂಡಿತು. ಫೈಬರ್‌ನಲ್ಲಿ ಹರಿಯುವುದು ಬೆಳಕು. ತೀಕ್ಷ್ಣವಾಗಿ ಮಡಚಿದಲ್ಲಿ ಬೆಳಕು ಸೋರಿಹೋಗುತ್ತದೆ. ತಂತಿಯನ್ನು ಸರಿಪಡಿಸಲು ಹಣ ಬೇಕಾಗಲಿಲ್ಲ. ನಾವು ಕೊಂಡದ್ದು ರೋಗಕ್ಕೆ ಸಂಬಂಧಿಸದ ಔಷಧಿಯಾಗಿತ್ತು.

2. ಒಂದು ಪೆಟ್ಟಿಗೆ, ಎರಡು ಕೆಲಸ

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಲುಪಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಅನುಮೋದನೆ ನೀಡಿತು. ಅದು ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆಯಿತು. 2023ರ ಆಗಸ್ಟ್‌ನಲ್ಲಿ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮಕ್ಕೂ ಅನುಮೋದನೆ ದೊರೆತಿದೆ. ಭಾರತ್‌ನೆಟ್ ಆಗಲಿ, ಖಾಸಗಿ ಸೇವಾದಾರರ ಸಂಪರ್ಕವಾಗಲಿ, ಫೈಬರ್ ಬಂದು ಸೇರುವ ಪೆಟ್ಟಿಗೆಗೆ ಓ.ಎನ್.ಟಿ. ಎನ್ನುತ್ತಾರೆ. ಸೇವಾದಾರರು ಮನೆಗಳಿಗೆ ಕೊಡುವ ಪೆಟ್ಟಿಗೆಯು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತದೆ:

ಅ) ಫೈಬರ್‌ನ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವುದು.
ಆ) ಆ ಸಂಪರ್ಕವನ್ನು ವೈಫೈ ಮೂಲಕ ಕೊಠಡಿಗಳಿಗೆ ಹಂಚುವುದು.

ಅಂಗಡಿಯಲ್ಲಿ ಕೊಳ್ಳುವ ರೂಟರ್ ಸಾಮಾನ್ಯವಾಗಿ ಎರಡನೆಯ ಕೆಲಸವನ್ನು ಮಾತ್ರ ಮಾಡಬಲ್ಲದು. ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಸದಸ್ಯರಿಗೆ ಇದನ್ನು ವಿಶ್ವೇಶ್ವರಯ್ಯ ನಾಲೆಯ ಉದಾಹರಣೆಯಿಂದ ಹೇಳಬಹುದು. ತೂಬಿನಲ್ಲಿ ನೀರೇ ಬಾರದಿದ್ದರೆ ಗದ್ದೆಯೊಳಗಿನ ಕಾಲುವೆಯನ್ನು ಎಷ್ಟು ಅಗಲ ಮಾಡಿದರೂ ಪ್ರಯೋಜನವಿಲ್ಲ. ತೂಬಿನಲ್ಲಿ ನೀರು ತುಂಬಿ ಹರಿಯುತ್ತಿದ್ದು ಗದ್ದೆಯ ಕೊನೆಗೆ ಮುಟ್ಟದಿದ್ದರೆ ಮಾತ್ರ ಒಳಗಾಲುವೆಯನ್ನು ದುರಸ್ತಿ ಮಾಡಬೇಕು. ಹೊಸ ರೂಟರ್ ಎಂಬುದು ಒಳಗಾಲುವೆ, ತೂಬು ಸೇವಾದಾರರದ್ದು.

3. ಎರಡರ ಗುಣಾವಗುಣಗಳು

ಸೇವಾದಾರರ ರೂಟರ್: ಇದಕ್ಕೆ ಬಹುತೇಕ ಪ್ರತ್ಯೇಕ ಬೆಲೆ ಇರುವುದಿಲ್ಲ, ಅಥವಾ ಠೇವಣಿ ಇಲ್ಲವೇ ಬಾಡಿಗೆ ಇರುತ್ತದೆ. ಕೆಟ್ಟರೆ ಬದಲಿಸುವ ಹೊಣೆ ಸಾಮಾನ್ಯವಾಗಿ ಸೇವಾದಾರರದ್ದು. ದೂರದಿಂದಲೇ ದೋಷ ಪತ್ತೆ ಮಾಡುವ ಮತ್ತು ತಂತ್ರಾಂಶ ನವೀಕರಿಸುವ ಅವಕಾಶವೂ ಅವರಿಗಿರುತ್ತದೆ. ಆದರೆ ಅಗ್ಗದ ಮಾದರಿಗಳು 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಬಳಸುತ್ತವೆ. ಕೆಲವು ಹಳೆಯ ಪೆಟ್ಟಿಗೆಗಳ ಲ್ಯಾನ್ ಪೋರ್ಟ್ 100 ಎಂ.ಬಿ.ಪಿ.ಎಸ್. ಮೀರದು. ಕೆಲವು ಸೆಟ್ಟಿಂಗ್‌ಗಳನ್ನು ಬಳಕೆದಾರರು ಬದಲಿಸಲಾಗದು.

ಸ್ವಂತ ಖರೀದಿಯ ರೂಟರ್: ಅಗತ್ಯಕ್ಕೆ ತಕ್ಕ ಮಾದರಿಯನ್ನು ಆರಿಸಬಹುದು. ಸೇವಾದಾರರನ್ನು ಬದಲಿಸಿದರೂ ಉಳಿಸಿಕೊಳ್ಳಬಹುದು. ಕಚೇರಿಗೆ ಒಂದು, ಸಾರ್ವಜನಿಕರಿಗೆ ಒಂದು ಎಂದು ಪ್ರತ್ಯೇಕ ಜಾಲ ರಚಿಸಲು ಹೆಚ್ಚು ಅನುಕೂಲ. ಆದರೆ ಬೆಲೆ, ವಾರಂಟಿ, ತಂತ್ರಾಂಶದ ನವೀಕರಣ ಎಲ್ಲವೂ ನಮ್ಮ ಹೊಣೆ. ದೋಷ ಬಂದಾಗ ‘ನಿಮ್ಮ ರೂಟರ್‌ನದೇ ತೊಂದರೆ’ ಎಂದು ಸೇವಾದಾರರು ಹೇಳುವ ಸಂಭವವೂ ಇದೆ.

ಆಂಟೆನಾಗಳ ಸಂಖ್ಯೆಯನ್ನು ನೋಡಿ ಮರುಳಾಗಬಾರದು. ಗ್ರಾಮ ಸಭೆಯಲ್ಲಿ ಅಧ್ಯಕ್ಷರ ಮಾತು ಮೈಕಿನಿಂದ ಕೊನೆಯ ಸಾಲಿಗೂ ಕೇಳಿಸುತ್ತದೆ. ಕೊನೆಯ ಸಾಲಿನ ಮಹಿಳೆಯ ಉತ್ತರ ಮಾತ್ರ ವೇದಿಕೆಗೆ ಕೇಳಿಸದು, ಏಕೆಂದರೆ ಅವರ ಕೈಯಲ್ಲಿ ಮೈಕಿಲ್ಲ. ರೂಟರ್ ಮತ್ತು ಮೊಬೈಲ್‌ಗಳ ನಡುವಿನ ಸ್ಥಿತಿಯೂ ಇದೇ. ಮೊಬೈಲಿನ ಕ್ಷೀಣ ಸಂಕೇತವು ಹಿಂದಿರುಗಿ ರೂಟರನ್ನು ತಲುಪಿದರೆ ಮಾತ್ರ ಕೆಲಸ ನಡೆಯುತ್ತದೆ.

4. ಎರಡು ತರಂಗಗಳು

2.4 ಗಿಗಾಹರ್ಟ್ಸ್ ತರಂಗವು ಗೋಡೆಗಳನ್ನು ಹೆಚ್ಚು ದಾಟುತ್ತದೆ, ಆದರೆ ವೇಗ ಕಡಿಮೆ. ಇದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂಬ ಮೂರೇ. ಮನೆಗಳು ಒತ್ತೊತ್ತಾಗಿರುವ ಬೀದಿಯಲ್ಲಿ ನೆರೆಹೊರೆಯ ವೈಫೈಗಳು ಒಂದಕ್ಕೊಂದು ಅಡ್ಡಿಯಾಗುತ್ತವೆ. 5 ಗಿಗಾಹರ್ಟ್ಸ್ ತರಂಗವು ವೇಗವಾದದ್ದು, ಚಾನೆಲ್‌ಗಳೂ ಹೆಚ್ಚು. ಆದರೆ ತೊಟ್ಟಿ ಮನೆಯ ದಪ್ಪ ಮಣ್ಣಿನ ಗೋಡೆಯಲ್ಲಾಗಲಿ, ಕಬ್ಬಿಣ ತುಂಬಿದ ಆರ್.ಸಿ.ಸಿ. ಛಾವಣಿಯಲ್ಲಾಗಲಿ ಬೇಗ ಕ್ಷೀಣಿಸುತ್ತದೆ. ಎರಡೂ ತರಂಗಗಳಿರುವ ರೂಟರ್ ಇದ್ದಲ್ಲಿ, ಹತ್ತಿರದ ಗಣಕಯಂತ್ರಗಳಿಗೆ 5, ದೂರದ ಕೊಠಡಿಗೆ 2.4 ಬಳಸುವುದು ಸೂಕ್ತ.

5. ಖರೀದಿಗೆ ಮುನ್ನ ಮೂರು ಪರೀಕ್ಷೆ

ಈ ಪರೀಕ್ಷೆಗಳಿಗೆ ಒಂದು ಲ್ಯಾಪ್‌ಟಾಪ್, ಒಂದು ಲ್ಯಾನ್ ಕೇಬಲ್ ಮತ್ತು ಅರ್ಧ ಗಂಟೆ ಸಾಕು. ಪರೀಕ್ಷೆಯ ಸಮಯದಲ್ಲಿ ಇತರ ಯಂತ್ರಗಳು ಸಂಪರ್ಕ ಬಳಸದಂತೆ ನೋಡಿಕೊಳ್ಳಬೇಕು.

ಮೊದಲನೆಯದು: ಸೇವಾದಾರರ ಪೆಟ್ಟಿಗೆಗೆ ಲ್ಯಾನ್ ಕೇಬಲ್ ಮೂಲಕ ಲ್ಯಾಪ್‌ಟಾಪ್ ಜೋಡಿಸಿ ವೇಗವನ್ನು ಅಳೆಯಿರಿ.
ಎರಡನೆಯದು: ಕೇಬಲ್ ತೆಗೆದು, ಪೆಟ್ಟಿಗೆಯಿಂದ ಐದಾರು ಅಡಿ ದೂರದಲ್ಲಿ ವೈಫೈ ಮೂಲಕ ಅಳೆಯಿರಿ.
ಮೂರನೆಯದು: ತೊಂದರೆ ಇರುವ ಕೊಠಡಿಯಲ್ಲಿ ವೈಫೈ ಮೂಲಕ ಅಳೆಯಿರಿ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ಮೂರು ಹೊತ್ತು ಅಳೆದು ಒಂದು ಪುಸ್ತಕದಲ್ಲಿ ನಮೂದಿಸಿರಿ. ಬಹುಬಳಕೆಯಲ್ಲಿರುವ ಜಿಪಾನ್ ಪದ್ಧತಿಯಲ್ಲಿ ಒಂದು ಫೈಬರ್‌ನ ಸುಮಾರು 2.5 ಜಿ.ಬಿ.ಪಿ.ಎಸ್. ಸಾಮರ್ಥ್ಯವನ್ನು 32 ಅಥವಾ 64 ಸಂಪರ್ಕಗಳವರೆಗೆ ಹಂಚಲಾಗುತ್ತದೆ. ಆದುದರಿಂದ ಎಲ್ಲರೂ ಬಳಸುವ ಸಂಜೆಯ ಹೊತ್ತಿನಲ್ಲಿ ವೇಗ ಇಳಿಯಬಹುದು.

ಫಲಿತಾಂಶವನ್ನು ಹೀಗೆ ಅರ್ಥೈಸತಕ್ಕದ್ದು:

ಕ) ಕೇಬಲ್‌ನಲ್ಲಿಯೇ ವೇಗ ಕಡಿಮೆ ಇದ್ದರೆ ದೋಷವು ಸಂಪರ್ಕದ್ದು, ಪೆಟ್ಟಿಗೆಯದ್ದು ಅಥವಾ ನಾವು ಪಡೆದ ಯೋಜನೆಯ ವೇಗಮಿತಿಯದ್ದು. ಪೆಟ್ಟಿಗೆಯ ಮೇಲೆ ‘ಲಾಸ್’ ಎಂದಿರುವ ಕೆಂಪು ದೀಪ ಉರಿಯುತ್ತಿದ್ದರೆ ಫೈಬರ್‌ನ ಬೆಳಕು ತಲುಪುತ್ತಿಲ್ಲವೆಂದರ್ಥ. ಸೇವಾದಾರರಿಗೆ ಲಿಖಿತ ದೂರು ನೀಡಿ ದೂರಿನ ಸಂಖ್ಯೆ ಪಡೆಯಿರಿ. ಹೊಸ ರೂಟರ್ ಕೊಳ್ಳಬೇಡಿ.

ಖ) ಕೇಬಲ್‌ನಲ್ಲಿ ವೇಗವಿದ್ದು, ಹತ್ತಿರದ ವೈಫೈನಲ್ಲಿ ಇಲ್ಲದಿದ್ದರೆ ಪೆಟ್ಟಿಗೆಯ ವೈಫೈ ಹಳೆಯದು ಅಥವಾ ಚಾನೆಲ್‌ನಲ್ಲಿ ದಟ್ಟಣೆ ಇದೆ. ಅದೇ ಜಾಗದಲ್ಲಿ ಬೇರೊಂದು ಮೊಬೈಲಿನಿಂದಲೂ ಅಳೆದು, ದೋಷವು ಲ್ಯಾಪ್‌ಟಾಪಿನದ್ದಲ್ಲವೆಂದು ಖಚಿತಪಡಿಸಿಕೊಳ್ಳಿ. ಮೊದಲು ಚಾನೆಲ್ ಬದಲಿಸಿ. ನಂತರ ಎರಡು ತರಂಗಗಳ ಪೆಟ್ಟಿಗೆಗಾಗಿ ಸೇವಾದಾರರನ್ನು ಕೇಳಿ. ಅವರು ಕೊಡದಿದ್ದರೆ ಖರೀದಿ ಸಮರ್ಥನೀಯ.

ಗ) ಹತ್ತಿರದಲ್ಲಿ ವೇಗವಿದ್ದು, ದೂರದ ಕೊಠಡಿಯಲ್ಲಿ ಮಾತ್ರ ಇಲ್ಲದಿದ್ದರೆ ಅದು ಸ್ಥಳದ ಪ್ರಶ್ನೆ. ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಹಿಂದಿನಿಂದ, ನೆಲದಿಂದ, ಮೂಲೆಯಿಂದ ತೆಗೆದು ಕಟ್ಟಡದ ಮಧ್ಯಭಾಗದಲ್ಲಿ ಎತ್ತರಕ್ಕೆ ಇರಿಸಿ. ಫೈಬರ್ ಸ್ಥಳಾಂತರವನ್ನು ಸೇವಾದಾರರ ತಂತ್ರಜ್ಞರಿಂದಲೇ ಮಾಡಿಸಿ. ಅದೂ ಸಾಲದಿದ್ದರೆ ದೂರದ ಕೊಠಡಿಯವರೆಗೆ ಲ್ಯಾನ್ ಕೇಬಲ್ ಎಳೆದು ಅಲ್ಲಿ ಒಂದು ಆಕ್ಸೆಸ್ ಪಾಯಿಂಟ್ ಅಳವಡಿಸುವುದು ಉತ್ತಮ. ಅಗ್ಗದ ವೈಫೈ ರಿಪೀಟರ್ ಒಂದೇ ತರಂಗದಲ್ಲಿ ಕೇಳಿ, ಅದರಲ್ಲಿಯೇ ಮರಳಿ ನುಡಿಯಬೇಕಾದುದರಿಂದ ವೇಗವು ಸುಮಾರು ಅರ್ಧಕ್ಕೆ ಇಳಿಯುತ್ತದೆ.

6. ಖರೀದಿ ಅನಿವಾರ್ಯವಾದಲ್ಲಿ

• ಪರೀಕ್ಷೆಯ ಅಂಕಿಗಳನ್ನು ಟಿಪ್ಪಣಿಯೊಂದಿಗೆ ಸಭೆಯ ಮುಂದಿಟ್ಟು ನಡವಳಿಯಲ್ಲಿ ದಾಖಲಿಸತಕ್ಕದ್ದು. ಖರೀದಿಯು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಟ್ಟಿರಬೇಕು. ದಾಸ್ತಾನು ವಹಿಯಲ್ಲಿ ನಮೂದಾಗಬೇಕು.
• ಕಂಪನಿಯ ಹೆಸರನ್ನಲ್ಲ, ಗುಣವನ್ನು ಬರೆಯಿರಿ: ಎರಡು ತರಂಗ, ವೈಫೈ 6 ಅಥವಾ ಕನಿಷ್ಠ ವೈಫೈ 5, ಗಿಗಾಬಿಟ್ ಪೋರ್ಟ್, ಡಬ್ಲ್ಯೂಪಿಎ3 ಭದ್ರತೆ, ವಾರಂಟಿ, ನಿಯತ ತಂತ್ರಾಂಶ ನವೀಕರಣ.
• ಹೊಸ ರೂಟರ್ ಅಳವಡಿಸಿದ ಮೇಲೆ ಹಳೆಯ ಪೆಟ್ಟಿಗೆಯನ್ನು ಸೇವಾದಾರರಿಂದ ಬ್ರಿಡ್ಜ್ ಮೋಡ್‌ಗೆ ಬದಲಿಸಿಕೊಳ್ಳಿ, ಅಥವಾ ಹೊಸದನ್ನು ಆಕ್ಸೆಸ್ ಪಾಯಿಂಟ್ ಆಗಿ ಬಳಸಿ. ಹಳೆಯ ಪೆಟ್ಟಿಗೆಯ ವೈಫೈ ಆರಿಸಿರಿ. ಇಲ್ಲದಿದ್ದರೆ ಒಂದೇ ಕಚೇರಿಗೆ ಇಬ್ಬರು ಕಾವಲುಗಾರರು, ಎರಡು ಹಾಜರಿ ಪುಸ್ತಕ ಇಟ್ಟಂತಾಗಿ ಗೊಂದಲವಾಗುತ್ತದೆ.
• ಪೆಟ್ಟಿಗೆಯೊಂದಿಗೆ ಬಂದ ಪಾಸ್‌ವರ್ಡ್ ಬದಲಿಸಿ. ಡಿಜಿಟಲ್ ಸಹಿ ಬಳಸುವ ಗಣಕಯಂತ್ರಗಳ ಜಾಲವನ್ನು ಗ್ರಂಥಾಲಯದ ಓದುಗರೊಂದಿಗೆ ಹಂಚಿಕೊಳ್ಳಬೇಡಿ. ಅವರಿಗೆ ಪ್ರತ್ಯೇಕ ಅತಿಥಿ ಜಾಲ ಕೊಡಿ.
• ರೂಟರ್ ಯಾವುದೇ ಇರಲಿ, ವಿದ್ಯುತ್ ಹೋದಾಗ ನಿಲ್ಲುತ್ತದೆ. ಪೆಟ್ಟಿಗೆ ಮತ್ತು ರೂಟರ್ ಎರಡಕ್ಕೂ ಯು.ಪಿ.ಎಸ್. ಸಂಪರ್ಕವಿರಲಿ.

7. ಸದಸ್ಯರ ಪಾತ್ರ

ರೂಟರ್ ಸಣ್ಣ ವಸ್ತು, ಅದರ ಬೆಲೆಯೂ ದೊಡ್ಡದಲ್ಲ. ಆದರೆ ತಪ್ಪು ಜಾಗದಲ್ಲಿ ದುರಸ್ತಿ ಮಾಡಿದರೆ ಹಣದೊಂದಿಗೆ ಜನರ ದಿನಗಳೂ ವ್ಯರ್ಥವಾಗುತ್ತವೆ. ಅಂದು ಮೂರು ದಿನದ ಕೂಲಿ ಕಳೆದುಕೊಂಡ ಆ ತಾಯಿಗೆ ನಾನು ಅದನ್ನು ತುಂಬಿಕೊಡಲು ಆಗಲಿಲ್ಲ. ‘ಹೊಸದನ್ನು ಕೊಳ್ಳೋಣ’ ಎಂದು ಮುಂದಿನ ಸಭೆಯಲ್ಲಿ ಯಾರೇ ಹೇಳಿದರೂ, ನಾನೇ ಹೇಳಿದರೂ, ‘ಕೇಬಲ್‌ನಲ್ಲಿ ಎಷ್ಟು ಬಂದಿತು?’ ಎಂದು ತಾವು ಮೊದಲು ಕೇಳಬೇಕಾಗಿ ಕೋರುತ್ತೇನೆ.

ಚರ್ಚೆಗಾಗಿ ಪ್ರಶ್ನೆಗಳು

1. ನಮ್ಮ ಕಚೇರಿಯಲ್ಲಿ ಫೈಬರ್ ಪೆಟ್ಟಿಗೆ ಎಲ್ಲಿದೆ? ಅದರ ಸುತ್ತ ಕಬ್ಬಿಣದ ಸಾಮಗ್ರಿ ಇದೆಯೇ?
2. ನಾವು ಹಣ ಪಾವತಿಸುತ್ತಿರುವ ಯೋಜನೆಯ ವೇಗವೆಷ್ಟು? ಕೇಬಲ್‌ನಲ್ಲಿ ದೊರೆಯುತ್ತಿರುವುದೆಷ್ಟು?
3. ಕಳೆದ ಆರು ತಿಂಗಳಲ್ಲಿ ಸೇವಾದಾರರಿಗೆ ನೀಡಿದ ದೂರುಗಳ ದಾಖಲೆ ನಮ್ಮಲ್ಲಿದೆಯೇ?
4. ಗ್ರಂಥಾಲಯಕ್ಕೂ ಕಚೇರಿಗೂ ಒಂದೇ ಪಾಸ್‌ವರ್ಡ್ ಇದೆಯೇ?

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ,
ಮಂಡ್ಯ ಜಿಲ್ಲೆ