ಎರಡು ಗೊಂಬೆಗಳು



ಒಂದೇ ಅಚ್ಚಿನ ಎರಡು ಗೊಂಬೆಗಳನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿರಿ. ಮೈಯ ಮತ್ತು ಕೂದಲಿನ ಬಣ್ಣವಷ್ಟೇ ಬೇರೆ. ಒಂದು ಬಿಳಿಯದು, ಇನ್ನೊಂದು ಕಂದು. ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮೀ ಕ್ಲಾರ್ಕ್ ಎಂಬ ಮನೋವಿಜ್ಞಾನಿ ದಂಪತಿಗಳು 1940ರ ದಶಕದಲ್ಲಿ ಇಂತಹ ಗೊಂಬೆಗಳನ್ನು ಕಪ್ಪು ಜನಾಂಗದ ಎಳೆಯ ಮಕ್ಕಳ ಮುಂದಿರಿಸಿ, "ಇವುಗಳಲ್ಲಿ ಒಳ್ಳೆಯದು ಯಾವುದು?" ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯ ಗೊಂಬೆಯನ್ನು ತೋರಿಸಿದರು. "ನಿನ್ನಂತಿರುವುದು ಯಾವುದು?" ಎಂದಾಗ ಕೆಲವು ಮಕ್ಕಳು ಅತ್ತುಬಿಟ್ಟರು. ತಮ್ಮ ಬಣ್ಣವೇ ಕೀಳೆಂಬ ಪಾಠವನ್ನು ಆ ಕಂದಮ್ಮಗಳು ಎಲ್ಲಿ ಕಲಿತವು?

ಸಮಾಜದಲ್ಲಿ, ಅದರ ಶಾಲೆಗಳಲ್ಲಿ. 1896ರಲ್ಲಿ ರೈಲುಪ್ರಯಾಣದ ಮೊಕದ್ದಮೆಯೊಂದರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಸೌಕರ್ಯಗಳು ಸಮಾನವಾಗಿದ್ದರೆ ಜನರನ್ನು ಬಣ್ಣದ ಮೇಲೆ ಬೇರ್ಪಡಿಸುವುದು ತಪ್ಪಲ್ಲವೆಂದು ತೀರ್ಪಿತ್ತಿತು. ಅದರ ನೆರಳಿನಲ್ಲಿ ದಕ್ಷಿಣದ ರಾಜ್ಯಗಳ ಶಾಲೆಗಳು ಇಬ್ಭಾಗವಾಗಿಯೇ ಉಳಿದವು. ಹೆಸರಿಗೆ ಸಮಾನತೆ, ನಿಜದಲ್ಲಿ ಕಪ್ಪು ಮಕ್ಕಳ ಪಾಲಿಗೆ ಬಹುತೇಕ ಹಳೆಯ ಪುಸ್ತಕಗಳು, ಮುರುಕು ಕಟ್ಟಡಗಳು.

ಕ್ಯಾನ್ಸಸ್ ರಾಜ್ಯದ ಟೊಪೀಕಾ ನಗರದ ಸಂಗತಿ ಸ್ವಲ್ಪ ಭಿನ್ನ. ಅಲ್ಲಿ ಎರಡೂ ಬಗೆಯ ಶಾಲೆಗಳ ಕಟ್ಟಡ, ಪಾಠಕ್ರಮಗಳು ಸರಿಸುಮಾರು ಒಂದೇ ಮಟ್ಟದಲ್ಲಿದ್ದವು. ಆದರೂ ಲಿಂಡಾ ಬ್ರೌನ್ ಎಂಬ ಬಾಲಕಿಯು ಮನೆಯ ಸಮೀಪದ ಬಿಳಿಯರ ಶಾಲೆಯನ್ನು ಬಿಟ್ಟು, ದೂರದ ಶಾಲೆಗೆ ಹೋಗಬೇಕಾಗಿತ್ತು. ಅವಳ ತಂದೆಯೂ ಇತರ ಪಾಲಕರೂ 1951ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಪ್ರಶ್ನೆ ಈಗ ಕಟ್ಟಡದ್ದಾಗಿ ಉಳಿಯಲಿಲ್ಲ. ಬೇರ್ಪಡಿಸುವುದೇ ಅನ್ಯಾಯವಲ್ಲವೇ ಎಂಬುದಾಯಿತು. 1954ರ ಮೇ 17ರಂದು ಸರ್ವೋಚ್ಚ ನ್ಯಾಯಾಲಯವು ಏಕಮತದಿಂದ "ಹೌದು" ಎಂದಿತು. ಬೇರ್ಪಡಿಸುವಿಕೆಯು ಮಕ್ಕಳ ಮನಸ್ಸಿನಲ್ಲಿ ಕೀಳರಿಮೆಯನ್ನು ಬಿತ್ತುತ್ತದೆ ಎಂಬುದೇ ಅದರ ಮುಖ್ಯ ಕಾರಣ. ಕ್ಲಾರ್ಕರ ಅಧ್ಯಯನವನ್ನೂ ಅದು ಉಲ್ಲೇಖಿಸಿತು.

ಆದರೆ ತೀರ್ಪು ಬರೆದ ಮಾತ್ರಕ್ಕೆ ಬಾಗಿಲು ತೆರೆಯಲಿಲ್ಲ. 1957ರ ಸೆಪ್ಟೆಂಬರ್ 4ರಂದು ಲಿಟ್ಲ್ ರಾಕ್ ನಗರದಲ್ಲಿ ಎಲಿಜಬೆತ್ ಎಕ್‌ಫರ್ಡ್ ಎಂಬ ಹದಿನೈದರ ಹುಡುಗಿ ಪುಸ್ತಕವನ್ನು ಹಿಡಿದು ಶಾಲೆಗೆ ಒಬ್ಬಳೇ ನಡೆದಳು. ಮನೆಯಲ್ಲಿ ದೂರವಾಣಿ ಇರಲಿಲ್ಲವಾಗಿ, ಎಲ್ಲರೂ ಕೂಡಿ ಹೋಗಬೇಕೆಂಬ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ರಾಜ್ಯಪಾಲನ ಸೈನಿಕರು ಅವಳನ್ನು ತಡೆದರು. ಹಿಂದೆ ಜನಜಂಗುಳಿ ಕೂಗಿ ನಿಂದಿಸಿತು. ಅವಳು ಬಸ್ಸಿನ ನಿಲುಗಡೆಯ ಬೆಂಚಿನ ಮೇಲೆ ಮೌನವಾಗಿ ಕುಳಿತಳು. ಕಡೆಗೆ ಅಧ್ಯಕ್ಷ ಐಸೆನ್‌ಹೋವರರು ಸೇನೆಯನ್ನು ಕಳುಹಿಸಿದರು. ಸೆಪ್ಟೆಂಬರ್ 25ರಂದು ಒಂಬತ್ತು ಮಂದಿ ಮಕ್ಕಳು ಸೈನಿಕರ ಕಾವಲಿನಲ್ಲಿ ತರಗತಿಯನ್ನು ಪ್ರವೇಶಿಸಿದರು.

ವಾದವು ಇನ್ನೂ ಮುಗಿದಿಲ್ಲ. ಹಳೆಯ ಅನ್ಯಾಯವನ್ನು ಸರಿಪಡಿಸಲು ಹಾಗೂ ನಾನಾ ಜನಾಂಗದವರನ್ನು ಒಂದೆಡೆ ಕೂಡಿಸಲು ಅನೇಕ ವಿಶ್ವವಿದ್ಯಾನಿಲಯಗಳು ಪ್ರವೇಶ ನೀಡುವಾಗ ಜನಾಂಗವನ್ನೂ ಗಮನಿಸುತ್ತಿದ್ದವು. 2023ರಲ್ಲಿ ಅದೇ ನ್ಯಾಯಾಲಯವು ಬಹುಮತದಿಂದ ಈ ಪದ್ಧತಿ ಸಂವಿಧಾನಕ್ಕೆ ವಿರುದ್ಧವೆಂದಿತು. ಬಣ್ಣವನ್ನು ಲೆಕ್ಕಿಸದಿರುವುದೇ ಸಮಾನತೆಯೆಂದು ಒಂದು ಪಕ್ಷ; ಗಾಯವನ್ನು ನೋಡದೆ ಮದ್ದು ಹಚ್ಚುವುದೆಂತು ಎಂದು ಇನ್ನೊಂದು ಪಕ್ಷ. ಇಬ್ಬರೂ 1954ರ ತೀರ್ಪನ್ನೇ ಆಧಾರವಾಗಿ ಹಿಡಿಯುತ್ತಾರೆಂಬುದು ಗಮನಾರ್ಹ.

ಯಾರ ವಾದ ಸರಿಯೆಂಬುದನ್ನು ನೀವು ಬೆಳೆದು, ಓದಿ, ನಿರ್ಧರಿಸಿರಿ. ಇಂದಿಗೆ ನಿಮ್ಮಿಂದಾಗುವ ಕೆಲಸವೊಂದಿದೆ. ತರಗತಿಯಲ್ಲಿ ಯಾರ ಪಕ್ಕದ ಜಾಗ ದಿನವೂ ಬರಿದಾಗಿರುತ್ತದೆಯೋ ನೋಡಿರಿ. ನಾಳೆ ಅಲ್ಲಿ ಹೋಗಿ ಕುಳಿತುಕೊಳ್ಳಿರಿ.